ಮಹಾವೀರಾಚಾರ್ಯರು: ವಾಕ್ಯರೂಪದ ಲೆಕ್ಕಗಳನ್ನು ಕಲಿಸಿದ ಕನ್ನಡ ನಾಡಿನ ಗಣಿತಜ್ಞರು

ಪೀಠಿಕೆ

ಮಗ್ಗಿಯನ್ನು ತಪ್ಪಿಲ್ಲದೆ ಒಪ್ಪಿಸುವ, ಕೂಡುವ ಕಳೆಯುವ ಲೆಕ್ಕಗಳನ್ನು ಪಾಟಿಯ ಮೇಲೆ ಸರಸರನೆ ಮಾಡಿ ತೋರಿಸುವ ಮಗುವೇ, ಅದೇ ಲೆಕ್ಕವನ್ನು ಮೂರು ವಾಕ್ಯಗಳಲ್ಲಿ ಬರೆದು ಕೊಟ್ಟರೆ ಕೂಡಬೇಕೋ ಕಳೆಯಬೇಕೋ ಎಂದು ಗುರುಗಳ ಮುಖ ನೋಡುತ್ತದೆ. ಇದು ಧಾರವಾಡ ಜಿಲ್ಲೆಯ ಗ್ರಾಮೀಣ ಭಾಗದ ಪಾಲಕರಿಗೂ ಶಿಕ್ಷಕರಿಗೂ ಪರಿಚಿತವಾದ ತೊಂದರೆ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲ್ಲೂಕುಗಳ ಶಾಲೆಗಳಿಗೆ ಮಾತ್ರ ಸೀಮಿತವಾದ ತೊಂದರೆಯೂ ಇದಲ್ಲ. ಸುಮಾರು 1150 ವರ್ಷಗಳ ಹಿಂದೆ, ಇದೇ ಕನ್ನಡ ನಾಡನ್ನು ರಾಷ್ಟ್ರಕೂಟರು ಆಳುತ್ತಿದ್ದ ಕಾಲದಲ್ಲಿ, ಒಬ್ಬ ಆಚಾರ್ಯರು ಗಣಿತವನ್ನೆಲ್ಲ ಹಣ್ಣು, ಮುತ್ತು, ಪ್ರಯಾಣಿಕರು, ವ್ಯಾಪಾರಿಗಳು, ಬಡ್ಡಿ, ಬಂಗಾರಗಳ ಮಾತಿನಲ್ಲಿಟ್ಟು ಕಲಿಸಿದರು. ಅವರೇ ಮಹಾವೀರಾಚಾರ್ಯರು. ಸಾರ್ವಜನಿಕರ, ವಿಶೇಷವಾಗಿ ಪಾಲಕರ ಮಾಹಿತಿಗಾಗಿ ಅವರ ಜೀವನ ಮತ್ತು ಕೃತಿಯ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಕಾಲ ಮತ್ತು ನಾಡು

ಮಹಾವೀರಾಚಾರ್ಯರು ಕ್ರಿ.ಶ. 9ನೇ ಶತಮಾನದ ಮಧ್ಯಭಾಗದವರು. ಅವರ ಏಕೈಕ ಪ್ರಸಿದ್ಧ ಗ್ರಂಥವಾದ ಗಣಿತಸಾರಸಂಗ್ರಹವು ಕ್ರಿ.ಶ. 850ರ ಸುಮಾರಿಗೆ ರಚಿತವಾಯಿತೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಗ್ರಂಥದ ಆರಂಭದಲ್ಲಿ ಅವರು ಜಿನನನ್ನು ಸ್ತುತಿಸಿ, ಬಳಿಕ ಅಮೋಘವರ್ಷ ನೃಪತುಂಗನ ಆಳ್ವಿಕೆಗೆ ಶ್ರೇಯಸ್ಸನ್ನು ಕೋರುತ್ತಾರೆ. ತಂದೆ ತಾಯಿಯರನ್ನಾಗಲಿ ಹುಟ್ಟೂರನ್ನಾಗಲಿ ಹೆಸರಿಸುವುದಿಲ್ಲ. ತಮ್ಮ ಬಗ್ಗೆ ಅವರು ಹೇಳಿಕೊಳ್ಳುವುದಿಷ್ಟೇ: ಪೂರ್ವಾಚಾರ್ಯರ ಜ್ಞಾನವೆಂಬ ಸಮುದ್ರದಿಂದ ಸಾರವನ್ನು ಆರಿಸಿ ತೆಗೆದು ಸಂಗ್ರಹಿಸಿದ್ದೇನೆ ಎಂಬ ಅರ್ಥದ ವಿನಯದ ನುಡಿ. ಆದುದರಿಂದ ಅವರ ಜೀವನವನ್ನು ಅವರ ಕಾಲದಿಂದಲೂ ಅವರು ಹಾಕಿದ ಲೆಕ್ಕಗಳಿಂದಲೂ ತಿಳಿಯಬೇಕು.

ಅಮೋಘವರ್ಷನು ಕ್ರಿ.ಶ. 814ರಲ್ಲಿ ಬಾಲಕನಾಗಿರುವಾಗಲೇ ಪಟ್ಟಕ್ಕೆ ಬಂದು ಅರುವತ್ತಕ್ಕೂ ಹೆಚ್ಚು ವರ್ಷ ಆಳಿದನು. ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ, ಅವನ ರಾಜಧಾನಿ. ಕನ್ನಡದಲ್ಲಿ ಇಂದು ದೊರೆಯುವ ಮೊದಲ ಗ್ರಂಥವಾದ ಕವಿರಾಜಮಾರ್ಗವು ಅವನ ಆಸ್ಥಾನದಲ್ಲಿಯೇ ಹುಟ್ಟಿತು. ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಆ ಗ್ರಂಥವು ಹೆಸರಿಸುವ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು. ಪುಲಿಗೆರೆ ಎಂದರೆ ಕುಂದಗೋಳಕ್ಕೆ ನೆರೆಯಲ್ಲಿರುವ ಇಂದಿನ ಲಕ್ಷ್ಮೇಶ್ವರ.

ನಮ್ಮ ಜಿಲ್ಲೆಗೆ ಆ ಕಾಲದ ಸಂಬಂಧ ಇನ್ನೂ ನೇರವಾಗಿದೆ. ಅಣ್ಣಿಗೇರಿಯು ಆಗ ಬೆಳ್ವೊಲ-ಮುನ್ನೂರು ಎಂಬ ನಾಡಿನ ಆಡಳಿತ ಕೇಂದ್ರ. ನವಲಗುಂದ ಭಾಗದ ಶಿರೂರಿನಲ್ಲಿ ದೊರೆತ ಕ್ರಿ.ಶ. 866ರ ಶಾಸನವು, ಅಣ್ಣಿಗೇರಿಯಲ್ಲಿದ್ದು ಬೆಳ್ವೊಲವನ್ನು ಆಳುತ್ತಿದ್ದ ದೇವಣ್ಣಯ್ಯ ಎಂಬ ಅಧಿಕಾರಿಯು ತುಪ್ಪದ ಮೇಲಿನ ತೆರಿಗೆಯನ್ನು ಬಿಟ್ಟುಕೊಟ್ಟುದನ್ನು ದಾಖಲಿಸುತ್ತದೆ. ನರಗುಂದದ ಸಮೀಪದ ಕೊಣ್ಣೂರಿನ ಶಾಸನವು ಕ್ರಿ.ಶ. 860ರಲ್ಲಿ ಅಮೋಘವರ್ಷನು ತನ್ನ ದಂಡನಾಯಕ ಬಂಕೆಯನು ಕಟ್ಟಿಸಿದ ಬಸದಿಗೆ ನೀಡಿದ ದಾನವನ್ನು ತಿಳಿಸುತ್ತದೆ. ತುಪ್ಪಕ್ಕೆ ತೆರಿಗೆ ಇದ್ದಲ್ಲಿ ತುಪ್ಪವನ್ನು ಅಳೆಯುವವರೂ ಅದರ ಲೆಕ್ಕ ಬರೆಯುವವರೂ ಇರಲೇಬೇಕು. ಭೂಮಿಯನ್ನು ದಾನ ಕೊಟ್ಟಲ್ಲಿ ಅದನ್ನು ಕೋಲಿನಿಂದ ಅಳೆಯುವವರು ಇರಲೇಬೇಕು. ಮಹಾವೀರಾಚಾರ್ಯರ ಗಣಿತವು ಇಂತಹ ನಾಡಿಗೆ ಬೇಕಾದ ಗಣಿತವಾಗಿತ್ತು. ಅಡಿಗೆ, ವೈದ್ಯ, ಸಂಗೀತ, ನಾಟಕ, ವಾಸ್ತು, ಛಂದಸ್ಸು, ವ್ಯಾಕರಣ, ಅರ್ಥಶಾಸ್ತ್ರ ಇವೆಲ್ಲಕ್ಕೂ ಗಣಿತವು ಆಧಾರವೆಂದು ಅವರು ಮೊದಲ ಅಧ್ಯಾಯದಲ್ಲಿಯೇ ಪಟ್ಟಿ ಮಾಡಿ ಹೇಳುತ್ತಾರೆ. ಪಟ್ಟಿಯಲ್ಲಿ ಅಡಿಗೆಯೂ ಇರುವುದನ್ನು ಗಮನಿಸಬೇಕು.

ಗ್ರಂಥದ ಸ್ವರೂಪ

ಗಣಿತಸಾರಸಂಗ್ರಹವು ಸಂಸ್ಕೃತದಲ್ಲಿದೆ. ಒಂಬತ್ತು ಅಧ್ಯಾಯಗಳು, 1100ಕ್ಕೂ ಮೀರಿದ ಪದ್ಯಗಳು. ಪರಿಭಾಷೆ, ಮೂಲ ಕ್ರಿಯೆಗಳು, ಭಿನ್ನರಾಶಿ, ಭಿನ್ನರಾಶಿಯ ಬಿಡಿ ಲೆಕ್ಕಗಳು, ತ್ರೈರಾಶಿ, ಮಿಶ್ರಕ, ಕ್ಷೇತ್ರ, ಅಗೆತ ಮತ್ತು ನೆರಳಿನ ಲೆಕ್ಕ ಎಂಬುದು ಅದರ ಕ್ರಮ. ಹಿಂದಿನ ಗಣಿತಜ್ಞರಲ್ಲಿ ಹೆಚ್ಚಿನವರು ಗಣಿತವನ್ನು ಖಗೋಳ ಗ್ರಂಥದ ಒಂದು ಭಾಗವಾಗಿ ಹೇಳುತ್ತಿದ್ದರು. ಕ್ರಿ.ಶ. 628ರ ಬ್ರಹ್ಮಗುಪ್ತನೂ ಹಾಗೆಯೇ ಮಾಡಿದ್ದನು. ಮಹಾವೀರಾಚಾರ್ಯರು ಗ್ರಹಗತಿಯನ್ನು ಬದಿಗಿಟ್ಟು ಗಣಿತಕ್ಕಾಗಿಯೇ ಒಂದು ಪೂರ್ಣ ಪಠ್ಯವನ್ನು ಬರೆದರು. ಒಂದರಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟರು. 142857143ನ್ನು 7ರಿಂದ ಗುಣಿಸಿದರೆ ಬರುವ 1000000001, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂತಹ ಸಂಖ್ಯೆಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದರು.

ಈ ಗ್ರಂಥವು ಚಿಕ್ಕ ಮಕ್ಕಳಿಗೆ ಬರೆದುದಲ್ಲವೆಂಬುದನ್ನು ಸ್ಪಷ್ಟಪಡಿಸುವುದು ಅಗತ್ಯ. ಮೂಲ ಕ್ರಿಯೆಗಳನ್ನು ಹೇಳುವಾಗ ಆಚಾರ್ಯರು ಗುಣಾಕಾರದಿಂದಲೇ ಆರಂಭಿಸುತ್ತಾರೆ. ಸಾಮಾನ್ಯ ಕೂಡುವಿಕೆ ಕಳೆಯುವಿಕೆಗಳು ವಿದ್ಯಾರ್ಥಿಗೆ ಬಂದೇ ಇರುತ್ತವೆಂಬುದು ಅವರ ಗ್ರಹಿಕೆ. ಆದರೆ ಅವರ ಲೆಕ್ಕಗಳಲ್ಲಿ ಹಲವನ್ನು ಐದನೆಯ ತರಗತಿಯ ಮಗುವೂ ಬಿಡಿಸಬಲ್ಲದು, ಮತ್ತು ಅವರು ಕಲಿಸಿದ ವಿಧಾನವು ಎರಡನೆಯ ತರಗತಿಗೂ ಸಲ್ಲುತ್ತದೆ.

ಅಂಕಿಗಿಂತ ಮೊದಲು ಮಾತು

ಆ ವಿಧಾನವನ್ನು ತಿಳಿಯಲು ಅಂದಿನ ವಿದ್ಯಾರ್ಥಿಯ ಸ್ಥಿತಿಯನ್ನು ನೆನೆಯಬೇಕು. ಅವನಿಗೆ ಲೆಕ್ಕವು ಪದ್ಯವಾಗಿ ಸಿಗುತ್ತಿತ್ತು. ಪದ್ಯದಲ್ಲಿ ಶಬ್ದಗಳು ಛಂದಸ್ಸಿಗೆ ತಕ್ಕಂತೆ ಹಿಂದುಮುಂದಾಗಿರುತ್ತವೆ. ಮೊದಲು ಅವನ್ನು ಅನ್ವಯ ಮಾಡಿಕೊಂಡು ಯಾರು, ಏನು, ಯಾರಿಗೆ ಎಂಬುದನ್ನು ಸರಿಪಡಿಸಿಕೊಳ್ಳಬೇಕಿತ್ತು. ಅದರಲ್ಲಿ ಅಂಕಿಗಳೇ ಇರುತ್ತಿರಲಿಲ್ಲ. ಸಂಖ್ಯೆಗಳೂ ಶಬ್ದಗಳಾಗಿಯೇ ಇರುತ್ತಿದ್ದವು. ಎಷ್ಟೋ ಕಡೆ ಚಂದ್ರ ಎಂದರೆ ಒಂದು, ನೇತ್ರ ಎಂದರೆ ಎರಡು, ಸಮುದ್ರ ಎಂದರೆ ನಾಲ್ಕು, ಋತು ಎಂದರೆ ಆರು ಎಂದು ಬಿಡಿಸಿ, ಬಲದಿಂದ ಎಡಕ್ಕೆ ಜೋಡಿಸಿಕೊಳ್ಳಬೇಕಿತ್ತು. ಹೀಗಾಗಿ ಅರ್ಥ ತಿಳಿಯದೆ ಲೆಕ್ಕಕ್ಕೆ ಕೈಹಾಕುವ ದಾರಿಯೇ ಅವನಿಗಿರಲಿಲ್ಲ.

ಇಂದಿನ ಮಗುವಿಗೆ ಆ ದಾರಿ ತೆರೆದಿದೆ. ವಾಕ್ಯದ ನಡುವೆ ಅಂಕಿಗಳು ಎದ್ದು ಕಾಣುತ್ತವೆ. ಮಗು ಅಂಕಿಗಳನ್ನಷ್ಟೇ ಆರಿಸಿಕೊಂಡು, ಒಟ್ಟು ಎಂಬ ಶಬ್ದ ಕಂಡರೆ ಕೂಡುತ್ತದೆ, ಉಳಿದ ಎಂಬ ಶಬ್ದ ಕಂಡರೆ ಕಳೆಯುತ್ತದೆ. ಬಸವ್ವನ ಮನೆಯಲ್ಲಿ 12 ಕೋಳಿಗಳಿವೆ, ಅವು ಫಕೀರವ್ವನ ಮನೆಯ ಕೋಳಿಗಳಿಗಿಂತ 5 ಹೆಚ್ಚು, ಹಾಗಾದರೆ ಫಕೀರವ್ವನ ಕೋಳಿಗಳೆಷ್ಟು ಎಂದು ಕೇಳಿ ನೋಡಬಹುದು. ಹೆಚ್ಚು ಎಂಬ ಶಬ್ದವನ್ನು ಹಿಡಿದ ಮಗು 17 ಎನ್ನುತ್ತದೆ. ಯಾರ ಮನೆಯಲ್ಲಿ ಹೆಚ್ಚು ಎಂದು ಯೋಚಿಸಿದ ಮಗು 7 ಎನ್ನುತ್ತದೆ. ಮೊದಲನೆಯ ಮಗುವಿಗೆ ಕೂಡಲು ಬರುವುದಿಲ್ಲವೆಂದಲ್ಲ, ಅದು ಓದಿಲ್ಲ ಅಷ್ಟೇ. ಅಂತಹ ಮಗುವಿಗೆ ಮತ್ತೆ ಇಪ್ಪತ್ತು ಕೂಡುವ ಲೆಕ್ಕ ಕೊಡುವುದರಿಂದ ಏನೂ ಆಗದು.

ಗಣಿತಜ್ಞನಿಗೆ ಇರಬೇಕಾದ ಎಂಟು ಗುಣಗಳನ್ನು ಮಹಾವೀರಾಚಾರ್ಯರು ಹೇಳಿದ್ದಾರೆ. ವೇಗವಾಗಿ ಮಾಡುವುದು ಅವುಗಳಲ್ಲಿ ಒಂದು ಮಾತ್ರ. ಸರಿಯಾಗಿ ಗ್ರಹಿಸುವುದು, ನೆನಪಿನಲ್ಲಿಡುವುದು, ಬರಬೇಕಾದ ಉತ್ತರ ಬಂದೀತೇ ಬರಬಾರದ್ದು ಬಂದೀತೇ ಎಂದು ಮುಂಚೆಯೇ ಊಹಿಸುವುದು, ಆಲಸ್ಯವಿಲ್ಲದಿರುವುದು, ಹೊಸ ಉಪಾಯ ಹುಡುಕುವುದು ಇವೂ ಸೇರಿವೆ. ನಮ್ಮ ಮನೆಗಳಲ್ಲಿ ಮಕ್ಕಳ ಜಾಣತನವನ್ನು ಸಾಮಾನ್ಯವಾಗಿ ವೇಗದಿಂದಲೇ ಅಳೆಯಲಾಗುತ್ತದೆ.

ಮಾದಲ, ಬೇಲ ಮತ್ತು ಬಾಳೆಹಣ್ಣು

ಅವರ ಲೆಕ್ಕಗಳಲ್ಲಿ ಕೆಲವನ್ನು ಇಲ್ಲಿ ಸರಳ ಮಾತಿನಲ್ಲಿ ಕೊಡಲಾಗಿದೆ. 9 ಮಾದಲ ಹಣ್ಣು ಮತ್ತು 7 ಬೇಲದ ಹಣ್ಣುಗಳ ಬೆಲೆ ಒಟ್ಟು 107. 7 ಮಾದಲ ಮತ್ತು 9 ಬೇಲದ ಹಣ್ಣುಗಳ ಬೆಲೆ 101. ಒಂದೊಂದರ ಬೆಲೆ ಎಷ್ಟು? ಪ್ರೌಢಶಾಲೆಯಲ್ಲಿ ಇದನ್ನು ಸಮೀಕರಣಗಳಿಂದ ಬಿಡಿಸುತ್ತಾರೆ. ಚಿಕ್ಕ ಮಗುವಿಗೆ ಎರಡು ಬುಟ್ಟಿಗಳನ್ನು ಮುಂದಿಟ್ಟರೆ ಸಾಕು. ಎರಡನ್ನೂ ಒಂದೇ ಕಡೆ ಸುರಿದರೆ 16 ಮಾದಲ, 16 ಬೇಲ, ಬೆಲೆ 208. ಅಂದರೆ ಒಂದು ಮಾದಲ ಒಂದು ಬೇಲದ ಜೋಡಿಗೆ 13. ಇನ್ನು ಮೊದಲ ಬುಟ್ಟಿಯಲ್ಲಿ ಎರಡು ಮಾದಲ ಹೆಚ್ಚು, ಎರಡು ಬೇಲ ಕಡಿಮೆ, ಬೆಲೆ 6 ಹೆಚ್ಚು. ಆದ್ದರಿಂದ ಒಂದು ಮಾದಲವು ಒಂದು ಬೇಲಕ್ಕಿಂತ 3 ಹೆಚ್ಚು. ಜೋಡಿಗೆ 13, ವ್ಯತ್ಯಾಸ 3: ಮಾದಲ 8, ಬೇಲ 5. ಮಾದಲ ಸಿಗದ ಊರಿನಲ್ಲಿ ಪೇರಲ ಹಣ್ಣು ಇಟ್ಟರೂ ಲೆಕ್ಕ ಕೆಡುವುದಿಲ್ಲ.

ಇನ್ನೊಂದು ಲೆಕ್ಕದಲ್ಲಿ ದಣಿದ 23 ಪ್ರಯಾಣಿಕರು ಒಂದು ತೋಪಿಗೆ ಬರುತ್ತಾರೆ. ಅಲ್ಲಿ ಬಾಳೆಹಣ್ಣಿನ 63 ಸಮನಾದ ಗುಂಪೆಗಳೂ ಬಿಡಿಯಾಗಿ 7 ಹಣ್ಣುಗಳೂ ಇವೆ. ಎಲ್ಲರಿಗೂ ಸಮನಾಗಿ, ಒಂದೂ ಉಳಿಯದಂತೆ ಹಂಚಬೇಕು. ಒಂದು ಗುಂಪೆಯಲ್ಲಿ ಎಷ್ಟು ಹಣ್ಣುಗಳಿದ್ದವು? ಆಚಾರ್ಯರು ಇದಕ್ಕೆ ಕುಟ್ಟಕವೆಂಬ ಶಾಸ್ತ್ರೀಯ ಕ್ರಮವನ್ನು ಕೊಡುತ್ತಾರೆ. ಆದರೆ ಭಾಗಾಕಾರ ಬರುವ ಮಗು ಒಂದೊಂದಾಗಿ ಪರೀಕ್ಷಿಸಿಯೂ ನೋಡಬಹುದು. ಗುಂಪೆಗೆ ಒಂದು ಹಣ್ಣಾದರೆ ಒಟ್ಟು 70, ಶೇಷ 1. ಎರಡಾದರೆ 133, ಶೇಷ 18. ಮೂರಾದರೆ 196, ಶೇಷ 12. ಇಲ್ಲಿಗೆ ಬಂದಾಗ ಮಗುವನ್ನು ನಿಲ್ಲಿಸಿ, ಮುಂದಿನ ಶೇಷ ಎಷ್ಟಿರಬಹುದೆಂದು ಕೇಳಬೇಕು. ಶೇಷವು ಆರಾರು ಇಳಿಯುತ್ತಿರುವುದನ್ನು ಅದು ತಾನೇ ಕಂಡುಕೊಂಡರೆ ಉತ್ತರ ಕೈಗೆ ಬಂದಂತೆ. ಗುಂಪೆಗೆ 5 ಹಣ್ಣು, ಒಟ್ಟು 322, ತಲೆಗೆ 14.

ಹರಿದ ಮುತ್ತಿನ ಹಾರದ ಲೆಕ್ಕವು ಅವರ ಲೆಕ್ಕಗಳಲ್ಲಿಯೇ ಹೆಚ್ಚು ಪ್ರಸಿದ್ಧ. ಹಾರ ಹರಿದಾಗ ಮುತ್ತುಗಳ ಮೂರನೆಯ ಒಂದು ಪಾಲು ಧರಿಸಿದವಳ ಕಡೆಗೆ, ಆರನೆಯ ಒಂದು ಪಾಲು ಹಾಸಿಗೆಯ ಮೇಲೆ ಬಿದ್ದವು. ಉಳಿದುದರಲ್ಲಿ ಅರ್ಧ, ಮತ್ತೆ ಉಳಿದುದರಲ್ಲಿ ಅರ್ಧ, ಹೀಗೆ ಆರು ಸಲ ಚೆದುರಿ, ಕೊನೆಗೆ 1161 ಮುತ್ತುಗಳು ದಾರದಲ್ಲಿ ಉಳಿದವು. ಇದನ್ನು ಮುಂದಿನಿಂದ ಹಿಡಿದವರಿಗೆ ಭಿನ್ನರಾಶಿಗಳ ಸಾಲು ಎದುರಾಗುತ್ತದೆ. ಹಿಂದಿನಿಂದ ಹಿಡಿದವರಿಗೆ ದುಪ್ಪಟ್ಟು ಮಾಡುವುದಷ್ಟೇ ಕೆಲಸ: 2322, 4644, 9288, 18576, 37152, 74304. ಮೊದಲ ಎರಡು ಪಾಲುಗಳು ಸೇರಿ ಅರ್ಧವಾದ್ದರಿಂದ ಇನ್ನೊಮ್ಮೆ ದುಪ್ಪಟ್ಟು ಮಾಡಿದರೆ 148608. ಇಷ್ಟು ಮುತ್ತಿನ ಹಾರವನ್ನು ಯಾರೂ ಕೊರಳಲ್ಲಿ ಹೊರಲಾರರು. ಊಹೆಯ ಗುಣವನ್ನು ಹೇಳಿದ ಆಚಾರ್ಯರೇ ಹೀಗೆ ಬರೆದಿರುವುದು ಸ್ವಲ್ಪ ನಗು ತರಿಸುತ್ತದೆ. ಮಕ್ಕಳು ಇದನ್ನು ಗುರುತಿಸಿ ಹೇಳಿದರೆ ಗದರಬಾರದು. ಉತ್ತರವು ಜೀವನಕ್ಕೆ ಹೊಂದುತ್ತದೆಯೇ ಎಂದು ಪ್ರಶ್ನಿಸುವ ಮಗು ಗಣಿತವನ್ನೇ ಕಲಿಯುತ್ತಿರುತ್ತದೆ.

ಅಸಲು ಮತ್ತು ಬಡ್ಡಿ

ವಾಣಿಜ್ಯ ಓದಿದವರ ಕಣ್ಣಿಗೆ ಮಿಶ್ರಕವೆಂಬ ಆರನೆಯ ಅಧ್ಯಾಯವೇ ಮೊದಲು ಬೀಳುವುದು ಸಹಜ. ಅಸಲು, ಬಡ್ಡಿ, ಅವಧಿ ಇವುಗಳಲ್ಲಿ ಎರಡು ಬೆರೆತು ಒಂದೇ ಮೊತ್ತವಾಗಿ ಬಂದಾಗ ಬೇರ್ಪಡಿಸುವುದು, ಪಾಲುದಾರರಿಗೆ ಬಂಡವಾಳಕ್ಕೆ ತಕ್ಕಂತೆ ಲಾಭ ಹಂಚುವುದು, ಬೇರೆ ಬೇರೆ ಬಣ್ಣದ ಚಿನ್ನವನ್ನು ಕರಗಿಸಿ ಬೆರೆಸಿದಾಗ ಬರುವ ಶುದ್ಧತೆಯನ್ನು ತಿಳಿಯುವುದು ಇವೆಲ್ಲ ಅಲ್ಲಿ ವಿಸ್ತಾರವಾಗಿ ಬಂದಿವೆ. ಬಡ್ಡಿಯನ್ನು ಅವರು ತಿಂಗಳಿಗೆ ನೂರಕ್ಕೆ ಇಷ್ಟು ಎಂದೇ ಹೇಳುತ್ತಾರೆ. ನಮ್ಮ ಹಳ್ಳಿಗಳಲ್ಲಿ ಕೈಗಡದ ಮಾತು ಇಂದಿಗೂ ಅದೇ ಧಾಟಿಯಲ್ಲಿ ನಡೆಯುತ್ತದೆ.

ಇಂದಿನ ಒಂದು ಉದಾಹರಣೆಯನ್ನು ನೋಡಬಹುದು. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಸರಳ ಬಡ್ಡಿಯಂತೆ ಸಾಲ ಪಡೆದ ರೈತರೊಬ್ಬರು ಒಂದು ವರ್ಷದ ನಂತರ ಅಸಲು ಬಡ್ಡಿ ಸೇರಿ 6200 ರೂಪಾಯಿ ತೀರಿಸಿದರು. ಅಸಲು ಎಷ್ಟು? ವರ್ಷಕ್ಕೆ ನೂರಕ್ಕೆ 24 ಆಯಿತೆಂದು 6200ಕ್ಕೆ 24ರ ಲೆಕ್ಕ ಹಾಕಿ, ಬಂದ 1488ನ್ನು ಕಳೆದು 4712 ಎನ್ನುವವರು ಬಹಳ ಮಂದಿ. ವಯಸ್ಕರೂ ಇದರಲ್ಲಿ ಎಡವುತ್ತಾರೆ. ಬಡ್ಡಿಯು ಹತ್ತಿದ್ದು 6200ರ ಮೇಲೆ ಅಲ್ಲ, ಕೈಗೆ ಬಂದ ಅಸಲಿನ ಮೇಲೆ. ಕೊಟ್ಟ ಪ್ರತಿ ನೂರು ವರ್ಷದಲ್ಲಿ 124 ಆಗಿ ಮರಳಿದೆ. 6200ರಲ್ಲಿ ಅಂತಹ 124ಗಳು 50 ಇವೆ. ಆದ್ದರಿಂದ ಅಸಲು 5000. ಗುಣಾಕಾರದಲ್ಲಿಯೋ ಭಾಗಾಕಾರದಲ್ಲಿಯೋ ತಪ್ಪಿಲ್ಲದೆ 288 ರೂಪಾಯಿಗಳ ವ್ಯತ್ಯಾಸ ಬಂದುದು, ಯಾವುದರ ನೂರು ಎಂಬುದನ್ನು ಓದದೆ ಹೋದುದರಿಂದ. ಎರಡನೆಯ ತರಗತಿಯಲ್ಲಿ ಕೋಳಿಗಳ ಲೆಕ್ಕದಲ್ಲಿ ಆದ ತಪ್ಪು ಸಾಲಪತ್ರದವರೆಗೂ ಬೆಳೆದು ಬರುವ ಬಗೆ ಇದು.

ಶೂನ್ಯದ ಭಾಗಾಕಾರ

ಆಚಾರ್ಯರೂ ಒಂದು ಕಡೆ ತಪ್ಪಿದ್ದಾರೆ. ಯಾವುದೇ ಸಂಖ್ಯೆಯನ್ನು ಶೂನ್ಯದಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂಬುದು ಅವರ ನಿಲುವು. ಅದು ಸರಿಯಲ್ಲ. ಶೂನ್ಯದಿಂದ ಭಾಗಿಸುವುದಕ್ಕೆ ಗಣಿತದಲ್ಲಿ ಅರ್ಥವಿಲ್ಲ. 12ನೇ ಶತಮಾನದ ಭಾಸ್ಕರಾಚಾರ್ಯರು ಇದನ್ನು ಬೇರೆ ರೀತಿಯಲ್ಲಿ ವಿವೇಚಿಸಿದರು. ಆದರೂ ಈ ತಪ್ಪು ಹುಟ್ಟಿದ ಬಗೆಯನ್ನು ಅರಿಯುವುದು ಕಷ್ಟವಲ್ಲ. ಭಾಗಾಕಾರವನ್ನು ಹಂಚಿಕೆಯೆಂದೇ ನೋಡುತ್ತಿದ್ದವರಿಗೆ, ತೋಪಿಗೆ ಪ್ರಯಾಣಿಕರು ಯಾರೂ ಬರದಿದ್ದರೆ ಬಾಳೆಹಣ್ಣು ಇದ್ದಲ್ಲಿಯೇ ಇರುತ್ತದೆ ಎಂದು ತೋರಿರಬಹುದು. ಹಣ್ಣು ಉಳಿಯುವುದು ನಿಜ, ಆದರೆ ತಲೆಗೆ ಎಷ್ಟು ಎಂದು ಕೇಳಲು ಅಲ್ಲಿ ತಲೆಯೇ ಇಲ್ಲ. ಋಣ ಸಂಖ್ಯೆಗೆ ವರ್ಗಮೂಲವಿಲ್ಲವೆಂದು ಅವರು ಹೇಳಿದ್ದು ಅವರ ಕಾಲದ ಸಂಖ್ಯೆಗಳ ಮಿತಿಯಲ್ಲಿ ಸರಿಯಾಗಿಯೇ ಇದೆ.

ಗ್ರಂಥದ ಮುಂದಿನ ಪಯಣ

ಗಣಿತಸಾರಸಂಗ್ರಹವು ದಕ್ಷಿಣ ಭಾರತದಲ್ಲಿ ಶತಮಾನಗಳ ಕಾಲ ಪಾಠವಾಗಿ ನಡೆಯಿತು. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದರು. ಕನ್ನಡದಲ್ಲಿ 12ನೇ ಶತಮಾನದ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಗ್ರಂಥಗಳನ್ನು ಬರೆದು, ಗಣಿತವನ್ನು ಕನ್ನಡದಲ್ಲಿಯೇ ಉದಾಹರಣೆ ಸಹಿತ ಹೇಳಿದ ಮೊದಲಿಗನೆಂದು ಪ್ರಸಿದ್ಧನಾದನು. ಸಂಸ್ಕೃತ ಬಾರದ ಮಗುವಿಗೆ ಲೆಕ್ಕದ ಮಾತು ತನ್ನ ಮನೆಯ ಮಾತಾಗಿ ಸಿಗುವ ಬಾಗಿಲು ಅಲ್ಲಿಂದ ತೆರೆಯಿತು. ಮಹಾವೀರಾಚಾರ್ಯರ ಮೂಲ ಗ್ರಂಥವು ತಾಳೆಗರಿಗಳಲ್ಲಿ, ಅವುಗಳಲ್ಲಿ ಕೆಲವು ಕನ್ನಡ ಲಿಪಿಯವು, ಉಳಿದು ಬಂದಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು ಅದನ್ನು ಸಂಪಾದಿಸಿ, ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಪ್ರಕಟಿಸಿದರು. 1963ರಲ್ಲಿ ಸೊಲ್ಲಾಪುರದಿಂದ ಹಿಂದಿ ಅನುವಾದವು ಬಂದಿತು. ಪದ್ಮಾವತಮ್ಮನವರ ಕನ್ನಡ ಅನುವಾದವು 2000ರಲ್ಲಿ ಹೊಂಬುಜದಿಂದ ಪ್ರಕಟವಾಯಿತು. ನೃಪತುಂಗನ ನಾಡಿನ ಗ್ರಂಥವು ಪೂರ್ಣವಾಗಿ ಕನ್ನಡದಲ್ಲಿ ಅಚ್ಚಾಗಲು ಇಷ್ಟು ಕಾಲ ಬೇಕಾಯಿತು.

ಮನೆಯಲ್ಲಿ ಮಾಡಿಸಬಹುದಾದ ಒಂದು ಲೆಕ್ಕ

ಪಾಲಕರು ಈ ಲೆಕ್ಕವನ್ನು ಮಕ್ಕಳಿಗೆ ಬರೆದು ಕೊಡದೆ ಬಾಯಲ್ಲಿ ಹೇಳಬೇಕೆಂದು ಸೂಚಿಸಲಾಗಿದೆ. ಕೇಳಿದ ಮೇಲೆ ಮಗುವು ಮೊದಲು ಕಥೆಯನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಲಿ. ಆನಂತರ ಹುಣಸೆ ಬೀಜಗಳನ್ನು ಕೊಟ್ಟು ಇಟ್ಟು ತೋರಿಸಲು ಹೇಳಬಹುದು. ಪಾಟಿಯ ಸರದಿ ಆಮೇಲೆ.

ಮೂವರು ವ್ಯಾಪಾರಿಗಳಿಗೆ ದಾರಿಯಲ್ಲಿ ಹಣದ ಗಂಟೊಂದು ಕಾಣಿಸಿತು. ಈ ಗಂಟು ನನಗೆ ಸಿಕ್ಕರೆ ನಿಮ್ಮಿಬ್ಬರ ಹಣದ ಎರಡರಷ್ಟು ನನ್ನಲ್ಲಿರುತ್ತದೆ ಎಂದು ಮೊದಲನೆಯವನು ಹೇಳಿದನು. ನನಗೆ ಸಿಕ್ಕರೆ ನಿಮ್ಮಿಬ್ಬರದರ ಮೂರರಷ್ಟು ಎಂದು ಎರಡನೆಯವನು, ಐದರಷ್ಟು ಎಂದು ಮೂರನೆಯವನು ಹೇಳಿದರು. ಗಂಟಿನಲ್ಲಿ ಎಷ್ಟಿತ್ತು, ಒಬ್ಬೊಬ್ಬರ ಬಳಿ ಎಷ್ಟಿತ್ತು?

ಆಚಾರ್ಯರ ಉತ್ತರ: ಗಂಟಿನಲ್ಲಿ 15, ವ್ಯಾಪಾರಿಗಳ ಬಳಿ ಕ್ರಮವಾಗಿ 1, 3 ಮತ್ತು 5. ಗಂಟು ಸೇರಿದರೆ ಮೊದಲನೆಯವನಲ್ಲಿ 16, ಉಳಿದಿಬ್ಬರಲ್ಲಿ 8. ಎರಡನೆಯವನಲ್ಲಿ 18, ಉಳಿದಿಬ್ಬರಲ್ಲಿ 6. ಮೂರನೆಯವನಲ್ಲಿ 20, ಉಳಿದಿಬ್ಬರಲ್ಲಿ 4. ಚಿಕ್ಕ ಮಕ್ಕಳಿಗೆ ಉತ್ತರವನ್ನು ಮೊದಲೇ ತಿಳಿಸಿ, ಮೂವರ ಮಾತೂ ನಿಜವೇ ಎಂದು ಬೀಜಗಳಿಂದ ಪರೀಕ್ಷಿಸಲು ಹೇಳಿದರೂ ಆಗುತ್ತದೆ. ಆರನೆಯ ತರಗತಿಯವರು ಗಂಟಿನಲ್ಲಿ 30 ಇದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಪ್ರಯತ್ನಿಸಬಹುದು.